ದಣಿದ ಅಕ್ಷರಗಳು

ಗದಗ ಕಡೆಯ ಒಂದು ನೇಕಾರರ ಊರು. ಆ ಊರಿನ ಸರ್ಕಾರಿ ಶಾಲೆಯಲ್ಲಿ ಚಂದ್ರಕಲಾ ಹೂಗಾರ ಎಂಬ ಶಿಕ್ಷಕಿ ಇದ್ದರು. ಆ ಸೀಮೆಯಲ್ಲಿ ಶಿಕ್ಷಕಿಯರನ್ನು ಅಕ್ಕೋರು ಎಂದು ಕರೆಯುತ್ತಾರೆ. ಚಂದ್ರಕಲಾ ಅಕ್ಕೋರು ಇಪ್ಪತ್ತಾರು ವರ್ಷದಿಂದ ಒಂದನೇ ತರಗತಿಗೇ ಪಾಠ ಮಾಡುತ್ತಿದ್ದರು. ಊರಿನ ಮೂವತ್ತು ವರ್ಷದೊಳಗಿನ ಯಾರನ್ನಾದರೂ ನಿಲ್ಲಿಸಿ ‘ಅ’ ಬರೆಯಲು ಹೇಳಿದರೆ ಅವರು ಬರೆಯುತ್ತಿದ್ದದ್ದು ಅಕ್ಕೋರ ‘ಅ’ವನ್ನೇ. ಅಷ್ಟು ದುಂಡಗೆ, ಅಷ್ಟು ಮುದ್ದಾಗಿ.

ಅಕ್ಕೋರ ಕೈಬರಹವೆಂದರೆ ಇಡೀ ಊರಿಗೆ ಹೆಮ್ಮೆ. ಲಗ್ನಪತ್ರಿಕೆಯ ಮೇಲೆ ಹೆಸರು ಬರೆಸಿಕೊಳ್ಳಲು ಜನ ಅವರ ಮನೆಗೆ ಬರುತ್ತಿದ್ದರು. ಶಾಲೆಯ ಬಾಗಿಲಲ್ಲಿ ದಿನಕ್ಕೊಂದು ಒಳ್ಳೆಯ ಮಾತು ಬರೆಯುವ ಹಲಗೆಯೂ ಅವರದೇ ಕೈಯಲ್ಲಿತ್ತು. ದಾರಿಯಲ್ಲಿ ಹೋಗುವವರು ಸೈಕಲ್ ನಿಲ್ಲಿಸಿ ಓದಿ ಹೋಗುತ್ತಿದ್ದರು. ಓದಲು ಬಾರದ ಮುದುಕಿಯರು ಕೂಡ ನಿಂತು ನೋಡುತ್ತಿದ್ದರು. ನೋಡುವುದಕ್ಕೇ ಚೆಂದವಿತ್ತು.

ಐವತ್ತೆರಡನೇ ವಯಸ್ಸಿನಲ್ಲಿ ಅಕ್ಕೋರ ಬಲಗೈ ಅವರ ಮಾತು ಕೇಳುವುದನ್ನು ಕಡಿಮೆ ಮಾಡಿತು. ಮೊದಲು ಕುಪ್ಪಸದ ಗುಂಡಿ ಹಾಕುವುದು ತಡವಾಯಿತು. ಆಮೇಲೆ ರೊಟ್ಟಿ ತಟ್ಟುವುದು. ಸುಮ್ಮನೆ ಕುಳಿತಾಗ ಹೆಬ್ಬೆರಳು ತನ್ನಷ್ಟಕ್ಕೆ ತಾನೇ ಕುಣಿಯತೊಡಗಿತು. ಹಾಜರಿ ಪುಸ್ತಕದಲ್ಲಿ ಅವರ ಸಹಿ ತಿಂಗಳಿಂದ ತಿಂಗಳಿಗೆ ಚಿಕ್ಕದಾಗುತ್ತ ಹೋಯಿತು.

ಗಂಡ ಶೇಖಪ್ಪ ಹೂವಿನ ಅಂಗಡಿ ಮುಚ್ಚಿ ಅವರನ್ನು ಹುಬ್ಬಳ್ಳಿಯ ನರರೋಗದ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಡಾಕ್ಟರು ಒಂದು ಹಾಳೆ ಕೊಟ್ಟು, “ಏನಾದರೂ ಒಂದು ಸಾಲು ಬರೆಯಿರಿ” ಎಂದರು. ಅಕ್ಕೋರು ಬರೆದರು. ಸಾಲಿನ ಮೊದಲ ಅಕ್ಷರ ಹೆಸರುಬೇಳೆಯಷ್ಟಿತ್ತು, ಕೊನೆಯದು ಗಸಗಸೆಯಷ್ಟು. ಡಾಕ್ಟರು ಅವರ ಕೈ ಮಡಚಿ ಬಿಡಿಸಿ ನೋಡಿದರು, ನಡೆಸಿ ನೋಡಿದರು.

“ಇದು ಪಾರ್ಕಿನ್ಸನ್ ಕಾಯಿಲೆ ಅಮ್ಮ,” ಎಂದರು. “ಪೂರ್ತಿ ವಾಸಿ ಮಾಡುವ ಔಷಧ ಇನ್ನೂ ಇಲ್ಲ. ಆದರೆ ಹೊತ್ತುಹೊತ್ತಿಗೆ ಗುಳಿಗೆ ತೆಗೆದುಕೊಂಡು, ಮೈಕೈ ಆಡಿಸುತ್ತ ಇದ್ದರೆ ಬಹಳ ವರ್ಷ ಚೆನ್ನಾಗಿರಬಹುದು. ಬರೆಯುವಾಗ ಮೇಲೊಂದು ಕೆಳಗೊಂದು ಗೆರೆ ಹಾಕಿಕೊಳ್ಳಿ. ‘ದೊಡ್ಡದು, ದೊಡ್ಡದು’ ಅಂತ ಬಾಯಿಬಿಟ್ಟು ಹೇಳಿಕೊಂಡು ಬರೆಯಿರಿ. ನಡೆಯುವಾಗ ಕಾಲು ನಿಂತುಬಿಟ್ಟರೆ ಲೆಕ್ಕ ಹಾಕಿಕೊಂಡು ಹೆಜ್ಜೆ ಇಡಿ. ಕೆಲಸ ಬಿಡಬೇಡಿ. ಶಾಲೆಯಲ್ಲಿ ಮಾತ್ರ ಎಲ್ಲರಿಗೂ ಹೇಳಿಬಿಡಿ.”

ಅಕ್ಕೋರು ಗುಳಿಗೆ ತೆಗೆದುಕೊಂಡರು. ದಿನಾ ಬೆಳಿಗ್ಗೆ ಅಂಗಳದಲ್ಲಿ ಕೈಕಾಲು ಆಡಿಸಿದರು. ಶಾಲೆಯಲ್ಲಿ ಹೇಳುವುದೊಂದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಮಾಡಿದರು.

“ಹೇಳಿದ್ರ ಏನಾಗತೈತಿ?” ಎಂದು ಶೇಖಪ್ಪ ಕೇಳಿದ.

“ಒಂದನೇ ತರಗತಿ ನನ್ನ ಕೈಯಿಂದ ತಗೋತಾರ,” ಎಂದರು ಅಕ್ಕೋರು. “ಅಕ್ಷರಾ ಚಂದ ಇದ್ದ ಅಕ್ಕೋರು ಅಂತ ಊರು ಕರೀತೈತಿ. ಕೈ ನಡಗೋ ಅಕ್ಕೋರು ಅಂತ ಕರೆಸ್ಕೊಳ್ಳಾಕ ನನಗ ಮನಸಿಲ್ರಿ. ನೀವೂ ಯಾರಿಗೂ ಹೇಳಬ್ಯಾಡ್ರಿ.”

ಶೇಖಪ್ಪನಿಗೆ ಅದು ಸರಿ ಕಾಣಲಿಲ್ಲ. ಆದರೂ ಒಪ್ಪಿಕೊಂಡ.

ಅಂದಿನಿಂದ ಮುಚ್ಚಿಡುವುದೇ ಅಕ್ಕೋರಿಗೆ ಇನ್ನೊಂದು ನೌಕರಿಯಾಯಿತು. ನಡುಗುವ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡರು. ಇಲ್ಲವೆಂದರೆ ಡಸ್ಟರು ಹಿಡಿದುಕೊಂಡರು. ಬಾಗಿಲ ಹೊಸ್ತಿಲ ಹತ್ತಿರ ಬಂದಾಗ ಕಾಲು ನೆಲಕ್ಕೆ ಅಂಟಿದಂತೆ ನಿಂತುಬಿಡುತ್ತಿತ್ತು. ಅದನ್ನು ಯಾರೂ ನೋಡಬಾರದೆಂದು ಎಲ್ಲರಿಗಿಂತ ಮುಂಚೆಯೇ ಬಂದು ಒಳಗೆ ಸೇರಿಕೊಂಡರು. ಬೋರ್ಡಿನ ಮೇಲೆ ಬರೆಯುವುದನ್ನೂ ಮಕ್ಕಳು ಬರುವ ಮೊದಲೇ ಬರೆದಿಟ್ಟರು.

ಬಾಗಿಲ ಹಲಗೆಯ ಮೇಲೆ ಒಳ್ಳೆಯ ಮಾತು ಬರೆಯುವುದನ್ನು ಅತಿಥಿ ಶಿಕ್ಷಕಿ ತಬಸ್ಸುಮ್‌ಗೆ ಬಿಟ್ಟುಕೊಟ್ಟರು. ತಬಸ್ಸುಮ್ ಹದಿನೆಂಟು ವರ್ಷದ ಹಿಂದೆ ಅದೇ ಶಾಲೆಯಲ್ಲಿ ಅಕ್ಕೋರ ಕೈಯಲ್ಲೇ ಅಕ್ಷರ ಕಲಿತ ಹುಡುಗಿ. ಈಗ ಒಂದನೇ ತರಗತಿಗೆ ಮಧ್ಯಾಹ್ನದ ಲೆಕ್ಕದ ಪಾಠ ಮಾಡುತ್ತಿದ್ದಳು. “ಅಕಿಗೂ ರೂಢಿ ಆಗ್ಲಿ ಬಿಡ್ರಿ” ಎಂದು ಅಕ್ಕೋರು ಹೇಳಿದಾಗ ಹೆಡ್‌ಮಾಸ್ತರ ಗೂಳಪ್ಪ ಸರ್, “ಎಂಥ ದೊಡ್ಡ ಮನಸ್ಸು!” ಎಂದು ಹೊಗಳಿದರು. ಇನ್ನು ಮುಂದೆ ಶಾಲೆಯ ಬೋರ್ಡುಗಳನ್ನೆಲ್ಲ ತಬಸ್ಸುಮ್ಮೇ ಬರೆಯುತ್ತಾಳೆ ಎಂದು ಅವರು ತಿಳಿದುಕೊಂಡರು. ಅಕ್ಕೋರು ಅದನ್ನು ತಿದ್ದಲಿಲ್ಲ.

ಹೀಗೆ ಜೂನ್‌ನಿಂದ ಡಿಸೆಂಬರ್‌ವರೆಗೆ ನಡೆಯಿತು.

ಡಿಸೆಂಬರ್‌ನ ಒಂದು ಮುಂಜಾನೆ ತಾಲೂಕಿನಿಂದ ಶಿಕ್ಷಣ ಅಧಿಕಾರಿಗಳೊಬ್ಬರು ಶಾಲೆ ನೋಡಲು ಬಂದರು. ಮೈಸೂರು ಕಡೆಯವರು, ಮೃದುವಾಗಿ ಮಾತಾಡುವವರು. ನೇರವಾಗಿ ಒಂದನೇ ತರಗತಿಗೆ ಬಂದು ಮಕ್ಕಳ ಪಕ್ಕದಲ್ಲೇ ಚಾಪೆಯ ಮೇಲೆ ಕುಳಿತರು. ಗೂಳಪ್ಪ ಸರ್, ತಬಸ್ಸುಮ್, ಅಕ್ಕೋರು ಮೂವರೂ ನಿಂತಿದ್ದರು.

ಅಧಿಕಾರಿಗಳು ಒಂದು ನೋಟುಪುಸ್ತಕ ತೆಗೆದು ನೋಡಿದರು. ಇನ್ನೊಂದು ತೆಗೆದರು. ಮತ್ತೊಂದು. ಇಪ್ಪತ್ತೇಳು ಮಕ್ಕಳ ಇಪ್ಪತ್ತೇಳು ಪುಸ್ತಕಗಳನ್ನೂ ಚಾಪೆಯ ಮೇಲೆ ತೆರೆದು ಹರಡಿದರು.

ಎಲ್ಲದರಲ್ಲೂ ಒಂದೇ ಬರಹ! ಪ್ರತಿ ಸಾಲೂ ದೊಡ್ಡ ಅಕ್ಷರದಿಂದ ಶುರುವಾಗಿ, ಬರಬರುತ್ತ ಕುಗ್ಗಿ, ಕೊನೆಗೆ ಇರುವೆಯಂತೆ ಸಣ್ಣಗಾಗಿ ಹಾಳೆಯ ಅಂಚಿನಲ್ಲಿ ಮಾಯವಾಗುತ್ತಿತ್ತು. ಕೆಲವು ಮಕ್ಕಳಂತೂ ಅಕ್ಷರದ ಅಂಚನ್ನು ಬೇಕೆಂದೇ ಸ್ವಲ್ಪ ನಡುಗಿಸಿದ್ದರು. ಬಹಳ ಶ್ರದ್ಧೆಯಿಂದ, ನಾಲಿಗೆ ಕಚ್ಚಿಕೊಂಡು ಮಾಡಿದ ಕೆಲಸ ಅದು.

ದಿನಾ ಆ ಪುಸ್ತಕಗಳನ್ನು ತಿದ್ದುತ್ತಿದ್ದವರು ಅಕ್ಕೋರೇ. ಆದರೆ ಅವರ ಕಣ್ಣೂ ಆ ಬರಹಕ್ಕೆ ಒಗ್ಗಿಹೋಗಿತ್ತು. ಈಗ ಎಲ್ಲವನ್ನೂ ಒಟ್ಟಿಗೆ ಕಂಡಾಗಲೇ ತಿಳಿದದ್ದು.

“ಯಾಕಮ್ಮ ಹೀಗೆ ಬರೆದಿದ್ದೀಯ?” ಎಂದು ಅಧಿಕಾರಿಗಳು ಪಕ್ಕದಲ್ಲಿದ್ದ ಭಾಗೀರಥಿ ಎಂಬ ಹುಡುಗಿಯನ್ನು ಕೇಳಿದರು. ಎರಡು ಜಡೆ, ಮುಂದಿನ ಎರಡು ಹಲ್ಲು ಬಿದ್ದ ಬಾಯಿ. ಯಾರಿಗೂ ಅಂಜದ ಕೂಸು.

“ಸಾಲಿನ ಕಡೀಗೆ ಅಕ್ಷರಾ ದಣೀತಾವ್ರಿ ಸರ್,” ಎಂದಳು ಭಾಗೀರಥಿ.

“ಹಾಗಂತ ಯಾರು ಹೇಳಿದರು?”

“ಯಾರೂ ಹೇಳಿಲ್ರಿ. ಹಲಗಿ ಮ್ಯಾಲ ಹಂಗ ಐತ್ರಿ. ನೋಡಿದ್ರ ನಿಮಗೂ ಗೊತ್ತಾಗತೈತಿ.”

ಮಕ್ಕಳೆಲ್ಲ ಹೌದು ಹೌದೆಂದು ತಲೆಯಾಡಿಸಿದರು. ಆದರೆ ಅಂದು ತರಗತಿಯ ಹಲಗೆ ಖಾಲಿಯಿತ್ತು. ಬೆಳಿಗ್ಗೆ ಕೈ ತೀರಾ ಬಿಗಿದಿದ್ದರಿಂದ ಅಕ್ಕೋರು ಏನೂ ಬರೆದಿರಲಿಲ್ಲ.

ಅಧಿಕಾರಿಗಳು ನಕ್ಕರು, ಆದರೆ ಕೂಡಲೇ ಗಂಭೀರವಾದರು. “ಇಲ್ಲಿ ಬೋರ್ಡ್ ಬರೆಯೋರು ಯಾರು?”

“ಮೊದಲ ಚಂದ್ರಕಲಾ ಅಕ್ಕೋರು ಬರೀತಿದ್ರು ಸರ್, ಮುತ್ತು ಪೋಣಿಸಿದಂಗ,” ಎಂದರು ಗೂಳಪ್ಪ ಸರ್. “ಈ ವರ್ಷದಿಂದ ತಬಸ್ಸುಮ್ ಬರೀತಾಳ.”

ಅಧಿಕಾರಿಗಳು ತಬಸ್ಸುಮ್ ಕಡೆ ತಿರುಗಿದರು. “ಒಂದನೇ ತರಗತಿಯ ಮಕ್ಕಳು ಕಣ್ಣಿಗೆ ಕಂಡದ್ದನ್ನೆಲ್ಲ ಬರೀತಾರಮ್ಮ. ಇಡೀ ತರಗತಿಯ ಬರವಣಿಗೆ ಕೆಟ್ಟಿದೆ. ಮುಂದಿನ ವರ್ಷ ನಿಮ್ಮನ್ನು ಇಟ್ಟುಕೊಳ್ಳೋದು ಬೇಡ ಅಂತ ನಾನು ಬರೆಯಬೇಕಾಗುತ್ತೆ.”

ತಬಸ್ಸುಮ್ ಬಾಯಿ ತೆರೆದಳು. ಒಮ್ಮೆ ಅಕ್ಕೋರ ಕಡೆ ನೋಡಿದಳು. ಆಮೇಲೆ ಬಾಯಿ ಮುಚ್ಚಿ ತಲೆ ತಗ್ಗಿಸಿದಳು.

ಆ ಒಂದು ನೋಟದಲ್ಲಿ ಅಕ್ಕೋರಿಗೆ ಎಲ್ಲ ಗೊತ್ತಾಯಿತು. ಈ ಹುಡುಗಿ ಯಾವತ್ತೋ ಕಂಡುಹಿಡಿದಿದ್ದಾಳೆ. ಸೆರಗಿನೊಳಗಿನ ಕೈ, ಹೊಸ್ತಿಲಲ್ಲಿ ನಿಲ್ಲುವ ಕಾಲು, ಎಲ್ಲ ನೋಡಿದ್ದಾಳೆ. ಕಲಿಸಿದವರ ಮರ್ಯಾದೆ ಹೋಗಬಾರದೆಂದು ತನ್ನ ನೌಕರಿ ಹೋದರೂ ಹೋಗಲಿ ಎಂದು ನಿಂತಿದ್ದಾಳೆ.

ಸುಮ್ಮನಿದ್ದರೆ ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ಅಕ್ಷರ ಚೆಂದದ ಅಕ್ಕೋರು ಅಕ್ಷರ ಚೆಂದದ ಅಕ್ಕೋರಾಗಿಯೇ ಉಳಿಯುತ್ತಿದ್ದರು. ಸೆರಗಿನೊಳಗೆ ಅವರ ಕೈ ಜೋರಾಗಿ ನಡುಗಿತು. ಅಕ್ಕೋರು ಅದನ್ನು ಸೆರಗಿನಿಂದ ಹೊರಗೆ ತೆಗೆದರು.

“ಸರ್, ಇದರಾಗ ತಬಸ್ಸುಮ್ ತಪ್ಪಿಲ್ಲ,” ಎಂದರು. “ಈ ಹಲಗಿ ಮ್ಯಾಲ ಬರದಾಕಿ ನಾನು.”

ಸೀಮೆಸುಣ್ಣ ಎತ್ತಿಕೊಂಡರು. ಎಲ್ಲರೂ ನೋಡುತ್ತಿದ್ದಂತೆಯೇ ‘ನಮ್ಮ ಶಾಲೆ ಚೆಂದದ ಶಾಲೆ’ ಎಂದು ಬರೆದರು. ‘ನಮ್ಮ’ ದೊಡ್ಡದಾಗಿತ್ತು. ಕೊನೆಯ ‘ಶಾಲೆ’ ಕಡಲೆಕಾಳಿನಷ್ಟು ಕುಗ್ಗಿತ್ತು. ಈ ಕಡೆ ತಿರುಗಿದಾಗ ಸೀಮೆಸುಣ್ಣ ಹಿಡಿದ ಕೈ ಎಲ್ಲರ ಕಣ್ಣೆದುರೇ ನಡುಗುತ್ತಿತ್ತು.

ಗೂಳಪ್ಪ ಸರ್ ಕುರ್ಚಿ ಎಳೆದು ತಂದಿಟ್ಟರು. ಅಕ್ಕೋರು ಕೂರಲಿಲ್ಲ. ಮಕ್ಕಳ ಕಡೆ ನೋಡಿ ಹೇಳಿದರು:

“ಕೂಸುಗಳ್ರ್ಯಾ, ಅಕ್ಷರಾ ದಣಿಯೂದಿಲ್ಲ. ನನ್ನ ಕೈ ದಣೀತೈತಿ. ನಮ್ಮೆಲ್ಲರ ತಲ್ಯಾಗ ಕೈಗೆ ಕಾಲಿಗೆ ಸುದ್ದಿ ಒಯ್ಯೋ ಅಂಚೆಯಾಕಿ ಒಬ್ಬಾಕಿ ಇರ್ತಾಳ. ‘ದೊಡ್ಡದ ಬರಿ’ ಅಂತ ತಲಿ ಹೇಳಿದ್ರ ಅಕಿ ಓಡಿ ಹೋಗಿ ಕೈಗೆ ಹೇಳ್ತಾಳ. ನನ್ನ ತಲ್ಯಾಗಿನ ಅಂಚೆಯಾಕಿ ಈಗ ಭಾಳ ಸಾವಕಾಶ ನಡ್ಯಾಕತ್ಯಾಳ. ಅದಕ್ಕ ನನ್ನ ಕೈ ಹಿಂಗ. ಇದು ಒಂದು ರೋಗ.”

ಭಾಗೀರಥಿ ಕೈ ಎತ್ತಿದಳು.

“ನೋವಾಗತೈತೇನ್ರಿ ಅಕ್ಕೋರ?”

“ಒಮ್ಮೊಮ್ಮೆ ಬಿಗಿತೈತಿ. ಭಾಳ ನೋವಿಲ್ಲ.”

“ನಮಗ ಅಂಟತೈತೇನ್ರಿ?”

“ಇಲ್ಲವ್ವಾ.”

“ಮತ್ತ ಮೊದಲ ಯಾಕ ಹೇಳ್ಲಿಲ್ರಿ?”

“ನಾಚಿಕಿ ಆಗಿತ್ತವ್ವಾ,” ಎಂದರು ಅಕ್ಕೋರು.

ಭಾಗೀರಥಿ ಸ್ವಲ್ಪ ಯೋಚಿಸಿದಳು. “ನನಗೂ ಹಲ್ಲು ಬಿದ್ದಾಗ ನಾಚಿಕಿ ಆಗಿತ್ರಿ. ಎರಡ ದಿನ ಬಾಯಿ ಮುಚ್ಚಿ ನಕ್ಕೆ. ಆಮ್ಯಾಲ ಬ್ಯಾಸರಾತು.”

ಮೊದಲು ನಕ್ಕವರು ಅಧಿಕಾರಿಗಳು. ಆಮೇಲೆ ಗೂಳಪ್ಪ ಸರ್. ಆಮೇಲೆ ಇಡೀ ತರಗತಿ. ಅಕ್ಕೋರಿಗೂ ನಗು ತಡೆಯಲಾಗಲಿಲ್ಲ. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆರು ತಿಂಗಳ ಭಾರ ಆ ನಗುವಿನಲ್ಲಿ ಇಳಿದುಹೋಯಿತು.

ಅಧಿಕಾರಿಗಳು ಎದ್ದು ತಬಸ್ಸುಮ್‌ಗೆ, “ವಿಚಾರಿಸದೆ ಮಾತಾಡಿಬಿಟ್ಟೆ, ತಪ್ಪಾಯಿತಮ್ಮ” ಎಂದರು. ಆಮೇಲೆ ಅಕ್ಕೋರನ್ನು ಕೇಳಿದರು: “ರಜೆ ತೆಗೆದುಕೊಳ್ಳುತ್ತೀರಾ?”

“ಪಾಠಾ ಹೇಳ್ತೀನ್ರಿ ಸರ್,” ಎಂದರು ಅಕ್ಕೋರು. “ಆದ್ರ ಇನ್ನ ಮ್ಯಾಲ ಒಬ್ಬಾಕಿನ ಬರಿಯೂದಿಲ್ಲ. ಈ ಕೂಸುಗಳ ಕೈಬರಹ ಕೆಡಿಸಿದಾಕಿ ನಾನು, ತಿದ್ದಾಕಿನೂ ನಾನ.”

“ಸರಿ. ಮಾರ್ಚ್‌ನಲ್ಲಿ ಮತ್ತೆ ಬಂದು ನೋಡುತ್ತೇನೆ,” ಎಂದು ಹೇಳಿ ಅವರು ಹೊರಟರು.

ಮರುದಿನದಿಂದ ಒಂದನೇ ತರಗತಿಯ ಬಣ್ಣವೇ ಬದಲಾಯಿತು. ಅಕ್ಕೋರು ಡಾಕ್ಟರು ಹೇಳಿದ್ದನ್ನೆಲ್ಲ ಮಕ್ಕಳಿಗೆ ಒಪ್ಪಿಸಿಬಿಟ್ಟರು. ತಬಸ್ಸುಮ್ ಬೆಳಿಗ್ಗೆಯೇ ಬಂದು ಹಲಗೆಯ ಮೇಲೆ ಉದ್ದಕ್ಕೂ ಜೋಡಿ ಗೆರೆ ಎಳೆದಳು. ಅಕ್ಕೋರು ಬರೆಯಲು ನಿಂತರೆ ಇಪ್ಪತ್ತೇಳು ಬಾಯಿಗಳು ಒಟ್ಟಿಗೆ ಕೂಗಿದವು: “ದೊಡ್ಡದು ಅಕ್ಕೋರ! ದೊಡ್ಡದು!”

ಅಕ್ಷರ ಮೇಲಿನ ಗೆರೆ ಮುಟ್ಟಿದರೆ ಚಪ್ಪಾಳೆ. ಮುಟ್ಟದಿದ್ದರೆ, “ಅಂಚೆಯಾಕಿ ಮಲಗ್ಯಾಳ್ರೀ!” ಎಂಬ ಕೂಗು. ಅಕ್ಕೋರು ಮತ್ತೆ ಬರೆಯುತ್ತಿದ್ದರು. ಅಷ್ಟು ಹೊತ್ತು ಒಂದೊಂದು ಅಕ್ಷರದ ಮೇಲೆ ಕಣ್ಣಿಟ್ಟು ಕಾಯುತ್ತಿದ್ದ ಮಕ್ಕಳಿಗೆ, ಯಾವ ಅಕ್ಷರ ಎಲ್ಲಿ ಶುರುವಾಗುತ್ತದೆ, ಎಲ್ಲಿ ಬಾಗುತ್ತದೆ, ಎಲ್ಲಿ ಮುಗಿಯುತ್ತದೆ ಎಂಬುದೆಲ್ಲ ಬಾಯಿಪಾಠವಾಯಿತು. ಅಕ್ಕೋರಿಗೆ ಹೇಳಿಕೊಡುವ ಉತ್ಸಾಹದಲ್ಲಿ ತಾವೂ ಗೆರೆಯಿಂದ ಗೆರೆಗೆ ಬರೆಯತೊಡಗಿದರು.

ಹೊಸ್ತಿಲ ಮುಂದೆ ಕಾಲು ನಿಂತರೆ ಮಕ್ಕಳು ಮಗ್ಗಿ ಶುರು ಮಾಡುತ್ತಿದ್ದರು. “ಎರಡೊಂದ್ಲೆ ಎರಡು!” ಅಕ್ಕೋರದು ಒಂದು ಹೆಜ್ಜೆ. “ಎರಡೆರಡ್ಲೆ ನಾಲ್ಕು!” ಇನ್ನೊಂದು. ಒಳ್ಳೆಯ ದಿನವಾದರೆ ಎರಡ್ಮೂರ್ಲೆ ಆರಕ್ಕೆಲ್ಲ ಒಳಗೆ ಬಂದುಬಿಡುತ್ತಿದ್ದರು. ಕೆಟ್ಟ ದಿನ ಎರಡ್ಹತ್ಲೆ ಇಪ್ಪತ್ತರವರೆಗೂ ಹೋಗಬೇಕಾಗುತ್ತಿತ್ತು. ಸಂಕ್ರಾಂತಿ ಬರುವಷ್ಟರಲ್ಲಿ ತರಗತಿಗೆಲ್ಲ ಎರಡರ ಮಗ್ಗಿ ಬಂದಿತ್ತು. “ನನ್ನ ಪಾಠಾನೂ ನೀವ ಮಾಡಿ ಮುಗಿಸಿದ್ರಲ್ರಿ ಅಕ್ಕೋರ,” ಎಂದು ತಬಸ್ಸುಮ್ ನಗುತ್ತಿದ್ದಳು.

ಗಲಾಟೆ ಏನೆಂದು ನೋಡಲು ಬಂದ ಗೂಳಪ್ಪ ಸರ್ ಒಂದು ದಿನ ಬಾಗಿಲಲ್ಲೇ ನಿಂತು ತಾವೂ ಮಗ್ಗಿ ಹೇಳಿದರು. ಎರಡೇಳ್ಲೆ ಹದಿನಾರು ಎಂದುಬಿಟ್ಟರು. ಮಕ್ಕಳು ಅವರನ್ನು ಒಂದು ವಾರ ಬಿಡಲಿಲ್ಲ.

ಎಲ್ಲ ದಿನವೂ ಹಬ್ಬವಾಗಿರಲಿಲ್ಲ. ಗುಳಿಗೆಯ ಬಲ ಇಳಿಯುವ ಹೊತ್ತಿಗೆ ಅಕ್ಕೋರ ಮೈ ಮರಗಟ್ಟಿದಂತಾಗುತ್ತಿತ್ತು, ದನಿ ಸಣ್ಣಗಾಗುತ್ತಿತ್ತು. ಆಗ ಅವರು ಕುರ್ಚಿಯಲ್ಲಿ ಕುಳಿತು, “ಈಗ ಆಗವಲ್ದು. ತಬಸ್ಸುಮ್ ಅಕ್ಕೋರು ಬರೀತಾರ, ನಾ ಕತಿ ಹೇಳ್ತೀನಿ” ಎನ್ನುತ್ತಿದ್ದರು. ಮಕ್ಕಳು ಮುಂದೆ ಮುಂದೆ ಸರಿದು, ಅವರ ಕಾಲ ಹತ್ತಿರವೇ ಕುಳಿತು ಕೇಳುತ್ತಿದ್ದರು. ಆಗದು ಎನ್ನುವ ಮಾತು ಇಷ್ಟು ಹಗುರ ಎಂದು ಅಕ್ಕೋರಿಗೆ ಗೊತ್ತೇ ಇರಲಿಲ್ಲ.

ಫೆಬ್ರವರಿಯಲ್ಲಿ ಒಂದು ದಿನ ಊಟದ ಗಂಟೆ ಹೊಡೆದು ಮಕ್ಕಳೆಲ್ಲ ತಟ್ಟೆ ಹಿಡಿದು ಓಡಿದರು. ಒಬ್ಬಳು ಮಾತ್ರ ಹೋಗದೆ ನಿಂತಳು. ಕೊನೆಯ ಸಾಲಿನಲ್ಲಿ ಗೋಡೆಗೊರಗಿ ಕೂರುವ ಗಂಗೂ. ಮಾತು ಕಡಿಮೆ. ಓದಲು ಎಬ್ಬಿಸಿದರೆ ತಲೆ ಕೆಳಗೆ ಹಾಕುತ್ತಿದ್ದಳು. ಹುಡುಗಿ ಸ್ವಲ್ಪ ಮಂದ ಎಂದು ಎಲ್ಲರೂ ತಿಳಿದಿದ್ದರು, ಅಕ್ಕೋರೂ ಸಹ.

“ಅಕ್ಕೋರ, ನಿಮ್ಮಂಗ ನಂದೂ ಒಂದು ಐತ್ರಿ,” ಎಂದಳು ಗಂಗೂ.

“ಏನವ್ವಾ?”

“ನನಗ ಹಲಗಿ ಕಾಣೂದಿಲ್ರಿ.”

ಅಕ್ಕೋರು ಅವಳನ್ನು ಹತ್ತಿರ ಕರೆದರು. ಹಲಗೆ ಅವಳಿಗೆ ಕರಿ ಮೋಡದ ಹಾಗೆ ಕಾಣುತ್ತದಂತೆ. ಅದರ ಮೇಲೆ ಬಿಳಿಬಿಳಿಯಾಗಿ ಏನೋ ಇರುತ್ತದಂತೆ. ಇಷ್ಟು ದಿನ ಅವಳು ಪಕ್ಕದವರ ಪುಸ್ತಕ ನೋಡಿ ಬರೆಯುತ್ತಿದ್ದಳಂತೆ.

“ಮೊದಲ ಯಾಕ ಹೇಳ್ಲಿಲ್ಲವ್ವಾ?” ಎಂದು ಕೇಳಿದ ಮೇಲೆ ಅಕ್ಕೋರಿಗೆ ತಮ್ಮ ಮಾತು ತಮಗೇ ಚುಚ್ಚಿತು.

“ನೀವು ಹೇಳಿದ್ದು ನೋಡಿ ನನಗೂ ಹೇಳ್ಬೇಕನಿಸ್ತ್ರಿ,” ಎಂದಳು ಗಂಗೂ. “ನಿಮಗ ಯಾರೂ ಬೈಲಿಲ್ಲಲ್ರಿ. ಎಲ್ಲಾರೂ ನಿಮಗ ಹೇಳಿಕೊಡಾಕತ್ತಾರ.”

ಅಕ್ಕೋರು ಆ ಹುಡುಗಿಯನ್ನು ಅಪ್ಪಿಕೊಂಡರು. ಅದೇ ದಿನ ಸಂಜೆ ತಬಸ್ಸುಮ್ ಜೊತೆ ಗಂಗೂವಿನ ಮನೆಗೆ ಹೋಗಿ, ಮಗ್ಗದ ಮೇಲೆ ಕುಳಿತಿದ್ದ ಅವಳ ಅಪ್ಪನಿಗೆ ಎಲ್ಲ ಹೇಳಿದರು. ಅವನು ಮರುದಿನವೇ ಮಗಳನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಕನ್ನಡಕ ಬರಲು ಕೆಲವು ವಾರವಾಯಿತು. ಅಲ್ಲಿಯವರೆಗೆ ಗಂಗೂವಿನ ಜಾಗ ಹಲಗೆಯ ಬುಡದಲ್ಲಿ.

ಮಾರ್ಚ್‌ನಲ್ಲಿ ಅಧಿಕಾರಿಗಳು ಹೇಳಿದಂತೆಯೇ ಬಂದರು. ನೋಟುಪುಸ್ತಕಗಳನ್ನು ಚಾಪೆಯ ಮೇಲೆ ಹರಡಿದರು. ಸಾಲಿನ ಮೊದಲ ಅಕ್ಷರ ಎಷ್ಟಿತ್ತೋ ಕೊನೆಯದೂ ಅಷ್ಟೇ ಇತ್ತು. ಒಬ್ಬರ ಬರಹ ಸ್ವಲ್ಪ ಓರೆ, ಇನ್ನೊಬ್ಬರದು ಸ್ವಲ್ಪ ಉಬ್ಬು. ಇಪ್ಪತ್ತೇಳು ಮಕ್ಕಳದು ಇಪ್ಪತ್ತೇಳು ಬಗೆಯ ಬರಹ. ಅವರು ಹಲಗೆಯ ಕಡೆ ನೋಡಿದರು. ಅಲ್ಲಿನ ಅಕ್ಷರಗಳು ಮಾತ್ರ ಇನ್ನೂ ಅಲ್ಲಲ್ಲಿ ನಡುಗಿದ್ದವು, ಆದರೂ ಎದೆಯುಬ್ಬಿಸಿ ಗೆರೆಯಿಂದ ಗೆರೆಗೆ ನಿಂತಿದ್ದವು.

“ಇಬ್ಬರೂ ಶಿಕ್ಷಕಿಯರು ಮುಂದಿನ ವರ್ಷವೂ ಇದೇ ತರಗತಿಯಲ್ಲಿರಲಿ ಅಂತ ಬರೆಯುತ್ತೇನೆ,” ಎಂದರು ಅವರು. ತಬಸ್ಸುಮ್ ಅಕ್ಕೋರ ಕೈ ಹಿಡಿದುಕೊಂಡಳು.

ಅದಾದ ಮೂರನೆಯ ದಿನ ಗಂಗೂ ಕನ್ನಡಕ ಹಾಕಿಕೊಂಡು ಶಾಲೆಗೆ ಬಂದಳು. ಮಕ್ಕಳು ಸುತ್ತುವರಿದು ಗದ್ದಲ ಮಾಡಿದರು. ಅಕ್ಕೋರು ಅವಳನ್ನು ಹಳೆಯ ಜಾಗಕ್ಕೆ, ಕೊನೆಯ ಸಾಲಿಗೆ ಕಳಿಸಿ, ತಾವು ಹಲಗೆಯ ಹತ್ತಿರ ನಿಂತು ಕೇಳಿದರು: “ಅಲ್ಲಿಂದ ಈಗ ಏನ ಕಾಣತೈತಿ, ಹೇಳವ್ವಾ.”

ಗಂಗೂ ಹಲಗೆಯನ್ನು ಓದಲಿಲ್ಲ. ಅಕ್ಕೋರ ಮುಖವನ್ನೇ ನೋಡುತ್ತ ನಿಂತಳು.

“ಅಕ್ಕೋರ, ನೀವು ಪಾಠಾ ಹೇಳೂ ಮುಂದ ನಗ್ತಿರ್ತೀರಿ!” ಎಂದಳು ಅಚ್ಚರಿಯಿಂದ. “ನನಗ ಇಲ್ಲಿಂದ ಕಾಣ್ತಿರಲಿಲ್ರಿ.”

ನೀತಿ: ನಮ್ಮ ಕಷ್ಟವನ್ನು ನಾಚಿಕೆಯಿಂದ ಮುಚ್ಚಿಟ್ಟರೆ ಅದರ ಹೊರೆ ಏನೂ ತಿಳಿಯದ ಇನ್ನೊಬ್ಬರ ತಲೆಯ ಮೇಲೆ ಬೀಳುತ್ತದೆ. ಧೈರ್ಯದಿಂದ ಹೇಳಿಕೊಂಡರೆ ನಮಗೂ ನೆರವು ಸಿಗುತ್ತದೆ, ಹೇಳಲಾರದೆ ಮೂಲೆಯಲ್ಲಿ ಕುಳಿತವರಿಗೂ ಬಾಯಿ ಬರುತ್ತದೆ. ಕಲಿಸುವವರಿಗೆ ನಡುಗದ ಕೈ ಇರಲೇಬೇಕೆಂದಿಲ್ಲ. ‘ನನಗೆ ಆಗುತ್ತಿಲ್ಲ, ಸ್ವಲ್ಪ ಕೈಜೋಡಿಸಿ’ ಎನ್ನುವ ಮನಸ್ಸು ಇದ್ದರೆ ಸಾಕು.